ಹತ್ತು ದಿನದ ಸೇವೆ, ಯಾರ ಖರ್ಚಿನಲ್ಲಿ?

ಅಮೆರಿಕದ ಚರ್ಚುಗಳು ವರ್ಷವರ್ಷವೂ ತಮ್ಮ ತರುಣ ತರುಣಿಯರನ್ನು ಬಡ ದೇಶಗಳಿಗೆ ಸೇವಾಯಾತ್ರೆಗೆಂದು ಕಳಿಸುತ್ತವೆ. ಶಾಲೆಗೆ ರಜೆ ಬಿಟ್ಟೊಡನೆ ಹದಿನಾರು ಹದಿನೆಂಟರ ಹುಡುಗರು ವಿಮಾನ ಏರುತ್ತಾರೆ. ವಾರವೋ ಹತ್ತು ದಿನವೋ ಅಲ್ಲಿದ್ದು ಗೋಡೆ ಎಬ್ಬಿಸುತ್ತಾರೆ, ಬಣ್ಣ ಬಳಿಯುತ್ತಾರೆ, ಅನಾಥಾಲಯದ ಮಕ್ಕಳೊಡನೆ ಹಾಡುತ್ತಾರೆ, ಯೇಸುವಿನ ಕಥೆ ಹೇಳುತ್ತಾರೆ, ಬಡವರ ಕೂಸನ್ನು ಎತ್ತಿಕೊಂಡು ಫೋಟೋ ತೆಗೆಸಿಕೊಂಡು ಊರಿಗೆ ಮರಳುತ್ತಾರೆ. ಇದು ಅಲ್ಲೊಬ್ಬರು ಇಲ್ಲೊಬ್ಬರು ಮಾಡುವ ಕೆಲಸವಲ್ಲ. ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ ಸಮಾಜಶಾಸ್ತ್ರಜ್ಞ ರಾಬರ್ಟ್ ವತ್‌ನೋ ೨೦೦೫ರ ಸಮೀಕ್ಷೆಯೊಂದರ ಆಧಾರದ ಮೇಲೆ ಹಾಕಿದ ಅಂದಾಜಿನಂತೆ, ವರ್ಷಕ್ಕೆ ಸುಮಾರು ೧೬ ಲಕ್ಷ ಅಮೆರಿಕನ್ನರು ಹೀಗೆ ಹೊರದೇಶಗಳಿಗೆ ಹೋಗಿಬರುತ್ತಿದ್ದರು.

ಈ ಯಾತ್ರೆಯ ಖರ್ಚನ್ನು ಹುಡುಗನೊಬ್ಬನೇ ಹಾಕುವುದಿಲ್ಲ. ನೆಂಟರಿಷ್ಟರಿಗೆ ಪತ್ರ ಬರೆದು, ಭಾನುವಾರದ ಪ್ರಾರ್ಥನೆಯ ತರುವಾಯ ಸಭೆಯ ಮುಂದೆ ನಿಂತು, ಬಡವರ ಸೇವೆಗೆ ಎಂದು ಬೇಡುತ್ತಾನೆ. ಕೊಟ್ಟವರು ಬಡವರಿಗೆಂದೇ ಕೊಡುತ್ತಾರೆ. ಆ ಹಣ ಮೊದಲು ಹೋಗಿ ಸೇರುವುದು ವಿಮಾನ ಕಂಪನಿಯ ಪೆಟ್ಟಿಗೆಗೆ.

ದೂರದ ದೇಶದ ಹುಡುಗರ ಯಾತ್ರೆ ಕಟ್ಟಿಕೊಂಡು ನಮಗೇನು ಎಂದು ಗಿರಣಿಯ ಬಂಧುಗಳು ಕೇಳಬಹುದು. ಕೂಲಿಯನ್ನು ಕಸಿದು ದಾನ ಕೊಡುವ ವ್ಯವಹಾರ ಎಲ್ಲಿ ನಡೆದರೂ ಅದು ದುಡಿಯುವವರ ವಿಷಯವೇ. ಆದುದರಿಂದ ಇದರ ಲೆಕ್ಕ ನೋಡೋಣ.

೧೯೯೮ರ ಅಕ್ಟೋಬರ್ ಕೊನೆಯಲ್ಲಿ ಮಿಚ್ ಎಂಬ ಚಂಡಮಾರುತ ಮಧ್ಯ ಅಮೆರಿಕದ ಹೊಂಡುರಾಸ್ ದೇಶವನ್ನು ಹಾಳುಗೆಡವಿತು. ಸಾವಿರಾರು ಜನ ಸತ್ತರು. ಬಾಳೆಯ ತೋಟಗಳು ನೆಲಕಚ್ಚಿ ಸಾವಿರಾರು ತೋಟದ ಕೂಲಿಗಳು ಕೆಲಸ ಕಳೆದುಕೊಂಡರು. ಮನೆ ಕಟ್ಟಿಕೊಡುತ್ತೇವೆಂದು ಉತ್ತರ ಅಮೆರಿಕದಿಂದ ಚರ್ಚಿನ ತಂಡಗಳು ಬಂದಿಳಿದವು. ಅಲ್ಲಿಯೇ ಬಾಳಿದ ಸಮಾಜಶಾಸ್ತ್ರಜ್ಞ ಕರ್ಟ್ ವರ್ ಬೀಕ್ ಇದನ್ನೆಲ್ಲ ವಿಚಾರಿಸಿ ೨೦೦೬ರಲ್ಲಿ ಪ್ರಕಟಿಸಿದರು. ಆತ ಚರ್ಚಿನ ವಿರೋಧಿಯಲ್ಲ, ಅಮೆರಿಕದ ಒಂದು ಕ್ರೈಸ್ತ ಕಾಲೇಜಿನ ಅಧ್ಯಾಪಕ. ಆತ ಕಂಡುಕೊಂಡದ್ದು ಇಷ್ಟು: ಹೊಂಡುರಾಸಿನದೇ ಕ್ರೈಸ್ತ ಸಂಸ್ಥೆ ಸುಮಾರು ೨,೦೦೦ ಡಾಲರಿನಲ್ಲಿ ಒಂದು ಮನೆ ಕಟ್ಟುತ್ತಿತ್ತು. ಹೊರಗಿನಿಂದ ಬಂದ ತಂಡ, ವಿಮಾನದ ಖರ್ಚೂ ಸೇರಿ, ಒಂದು ಮನೆಗೆ ಸರಾಸರಿ ೩೦,೦೦೦ ಡಾಲರ್ ಖರ್ಚು ಮಾಡಿತ್ತು.

ಹಗಲೆಲ್ಲ ತಕ್ಕಡಿ ಹಿಡಿದು ಕುಳಿತುಕೊಳ್ಳುವ ನಮ್ಮ ಅಂಗಡಿಯ ಬಂಧುಗಳಿಗೆ ಈ ಲೆಕ್ಕವನ್ನು ಬಿಡಿಸಿ ಹೇಳಬೇಕಾಗಿಲ್ಲ. ಹದಿನೈದು ಸಂಸಾರಗಳಿಗೆ ಸೂರಾಗಬಹುದಾಗಿದ್ದ ಹಣ ಒಂದೇ ಸಂಸಾರದ ಸೂರಿಗೆ ಕರಗಿತು. ಉಳಿದ ಹದಿನಾಲ್ಕು ಮನೆಗಳ ಗಾರೆಯವನ ಕೂಲಿ, ಬಡಗಿಯ ಕೂಲಿ, ಇಟ್ಟಿಗೆ ಸುಟ್ಟವನ ಲಾಭ, ಮೊಳೆ ಮಾರುವ ಅಂಗಡಿಯವನ ವ್ಯಾಪಾರ ಎಲ್ಲವೂ ಅದರೊಡನೆ ಹೋಯಿತು. ಕೆಲಸವಿಲ್ಲದೆ ಕೈಕಟ್ಟಿ ಕುಳಿತಿದ್ದ ಗಾರೆಯವನ ಕಣ್ಣೆದುರಿಗೇ, ಕರಣೆ ಹಿಡಿದು ಗೊತ್ತಿಲ್ಲದ ಶ್ರೀಮಂತರ ಮಗ ಗೋಡೆ ಕಟ್ಟಿದ. ಇದನ್ನು ಸೇವೆಯೆನ್ನಲು ನಮಗೆ ನಾಲಗೆ ಬರುವುದಿಲ್ಲ. ಇಷ್ಟರ ಮೇಲೆ, ಪರದೇಶದವರು ಕಟ್ಟಿದ ಮನೆಯಲ್ಲಿದ್ದವರ ಬಾಳು ಊರವರು ಕಟ್ಟಿದ ಮನೆಯಲ್ಲಿದ್ದವರ ಬಾಳಿಗಿಂತ ಹೆಚ್ಚು ಹಸನಾದದ್ದೂ ಆತನಿಗೆ ಕಂಡುಬರಲಿಲ್ಲ. ಹೋಗಿಬಂದ ಬಹುತೇಕರ ದಾನಬುದ್ಧಿಯಲ್ಲಾಗಲಿ ನಡತೆಯಲ್ಲಾಗಲಿ ಹೇಳಿಕೊಳ್ಳುವಂಥ ಬದಲಾವಣೆಯೂ ನಿಲ್ಲಲಿಲ್ಲ.

ಇನ್ನೊಂದು ಪ್ರಶ್ನೆಯನ್ನು ಈ ಹುಡುಗರಿಗೆ ಯಾರೂ ಕಲಿಸಿಕೊಡುವುದಿಲ್ಲ. ಫಲವತ್ತಾದ ನೆಲವಿರುವ ಹೊಂಡುರಾಸ್ ಏಕೆ ಬಡವಾಯಿತು? ಅಲ್ಲಿನ ನೆಲ, ರೈಲು, ಬಂದರುಗಳ ಮೇಲೆ ಹಿಡಿತ ಸಾಧಿಸಿದ್ದುದು ಯುನೈಟೆಡ್ ಫ್ರೂಟ್ ಎಂಬ ಅಮೆರಿಕದ ಬಾಳೆಹಣ್ಣಿನ ಕಂಪನಿ. ೧೯೫೪ರಲ್ಲಿ ಸುಮಾರು ೨೫,೦೦೦ ಕಾರ್ಮಿಕರು ಎರಡು ತಿಂಗಳಿಗೂ ಮಿಕ್ಕಿ ಮುಷ್ಕರ ಹೂಡಿದ ಮೇಲೆಯೇ ಅಲ್ಲಿ ಸಂಘ ಕಟ್ಟುವ ಹಕ್ಕಿಗೆ ಮನ್ನಣೆ ದೊರೆತದ್ದು. ಇದೇ ಕಂಪನಿಯ ವಾರಸುದಾರನಾದ ಯುನೈಟೆಡ್ ಬ್ರ್ಯಾಂಡ್ಸ್, ಬಾಳೆಹಣ್ಣಿನ ರಫ್ತು ಸುಂಕ ಇಳಿಸಿಕೊಳ್ಳಲು ಅಲ್ಲಿನ ಅಧಿಕಾರಸ್ಥರಿಗೆ ೧೨.೫ ಲಕ್ಷ ಡಾಲರ್ ಲಂಚ ಕೊಟ್ಟದ್ದು ೧೯೭೫ರಲ್ಲಿ ಬಯಲಾಯಿತು. ಆ ಹಗರಣದಲ್ಲಿ ಅಧ್ಯಕ್ಷನೇ ಪದವಿ ಕಳೆದುಕೊಂಡ. ಆ ಸುಂಕ ಬೊಕ್ಕಸಕ್ಕೆ ಬರಬೇಕಾಗಿದ್ದ ಹಣ, ಶಾಲೆಗೂ ಮನೆಗೂ ಆಗಬಹುದಾಗಿದ್ದ ಹಣ. ಅಪ್ಪಂದಿರ ಕಾಲದ ಕಂಪನಿ ಮೂಟೆಗಟ್ಟಲೆ ಒಯ್ದದ್ದನ್ನು ಮಕ್ಕಳು ಬೊಗಸೆಯಲ್ಲಿ ತಂದು ಕೊಟ್ಟು ಹರಕೆ ತೀರಿತೆಂದರೆ, ನಾವು ಒಪ್ಪಬೇಕೆ?

ಹಣದ ಲೆಕ್ಕ ಹೀಗಾದರೆ, ಹೊಣೆಯ ಲೆಕ್ಕ ಇನ್ನೂ ಕೆಟ್ಟದ್ದು. ವರ್ಜೀನಿಯಾದ ಹದಿನೆಂಟರ ತರುಣಿಯೊಬ್ಬಳು ೨೦೦೭ರಲ್ಲಿ ಸೇವೆಗೆಂದು ಆಫ್ರಿಕದ ಉಗಾಂಡಕ್ಕೆ ಹೋದಳು. ೨೦೦೯ರಲ್ಲಿ ಜಿಂಜಾ ಪಟ್ಟಣದಲ್ಲಿ ಹಸಿದ ಮಕ್ಕಳಿಗೆಂದು ಒಂದು ಕೇಂದ್ರ ತೆರೆದಳು. ಆಕೆ ವೈದ್ಯ ಶಿಕ್ಷಣ ಪಡೆದವಳಲ್ಲ. ಆದರೂ ಸಾಯುವ ಸ್ಥಿತಿಯಲ್ಲಿದ್ದ ಮಕ್ಕಳನ್ನು ಅಲ್ಲಿ ಸೇರಿಸಿಕೊಂಡರು. ೨೦೧೦ರಿಂದ ೨೦೧೫ರವರೆಗೆ ಸೇರಿದ ೯೪೦ ಮಕ್ಕಳಲ್ಲಿ ೧೦೫ ಮಕ್ಕಳು ತೀರಿಹೋದರೆಂದು ಆ ಸಂಸ್ಥೆಯೇ ಕೊಟ್ಟ ಲೆಕ್ಕ ಹೇಳುತ್ತದೆ. ೨೦೧೯ರಲ್ಲಿ ಇಬ್ಬರು ತಾಯಂದಿರು ನ್ಯಾಯಾಲಯಕ್ಕೆ ಹೋದರು. ೨೦೨೦ರಲ್ಲಿ ರಾಜಿಯಾಯಿತು. ಒಬ್ಬೊಬ್ಬ ತಾಯಿಗೆ ಸುಮಾರು ೯,೫೦೦ ಡಾಲರ್ ಕೊಟ್ಟರು, ತಪ್ಪನ್ನು ಮಾತ್ರ ಒಪ್ಪಿಕೊಳ್ಳಲಿಲ್ಲ. ಆ ತರುಣಿ ಕೇಡನ್ನು ಬಯಸಿ ಹೋದಳೆಂದು ನಾವು ಹೇಳುವುದಿಲ್ಲ. ನಾವು ಕೇಳುವುದು ಇಷ್ಟೇ: ಶಿಕ್ಷಣವಿಲ್ಲದ ಹುಡುಗಿಯೊಬ್ಬಳು ವರ್ಜೀನಿಯಾದಲ್ಲಿ ಇಂಥ ಕೇಂದ್ರ ತೆರೆದಿದ್ದರೆ ಆರು ತಿಂಗಳಾದರೂ ನಡೆಯಗೊಡುತ್ತಿದ್ದರೆ? ತಮ್ಮ ಮಕ್ಕಳ ಮೇಲೆ ನಡೆಯಗೊಡದ ಪ್ರಯೋಗ ಪರರ ಮಕ್ಕಳ ಮೇಲೆ ನಡೆದರೆ ಪುಣ್ಯವಾಗುವುದು ಹೇಗೆ?

ಮನಸ್ಸು ಒಳ್ಳೆಯದಲ್ಲವೆ ಎಂದು ಕೆಲವರು ವಾದಿಸುತ್ತಾರೆ. ಈ ವಾದಕ್ಕೆ ೧೯೬೮ರಲ್ಲಿಯೇ ಒಬ್ಬ ಕ್ಯಾಥೊಲಿಕ್ ಪಾದ್ರಿ ಉತ್ತರ ಕೊಟ್ಟಿದ್ದಾನೆ. ಮೆಕ್ಸಿಕೋದ ಹಳ್ಳಿಗಳಿಗೆ ಸೇವೆಗೆಂದು ಹೊರಟಿದ್ದ ಅಮೆರಿಕದ ವಿದ್ಯಾರ್ಥಿಗಳ ಮುಂದೆ ಇವಾನ್ ಇಲಿಚ್ ನಿಂತು, ಅವರ ಸದುದ್ದೇಶವನ್ನೇ ತರಾಟೆಗೆ ತೆಗೆದುಕೊಂಡ. ಭಾಷೆಯೇ ಬಾರದವರು ಯಾರ ಕಷ್ಟ ಕೇಳಬಲ್ಲರೆಂದು ಛೇಡಿಸಿದ. ನೋಡುವುದಕ್ಕೆ, ಕಲಿಯುವುದಕ್ಕೆ ಬಂದರೆ ಸಂತೋಷ, ಉದ್ಧಾರ ಮಾಡಲು ಮಾತ್ರ ಬರಬೇಡಿರೆಂದ. ನಮ್ಮ ಜನರೂ ಕಾಶಿಗೆ, ಅಜ್ಮೀರಿಗೆ, ವೇಲಾಂಕಣಿಗೆ ಹೋಗುತ್ತಾರೆ. ಸಾಲ ಮಾಡಿಯಾದರೂ ಹೋಗುತ್ತಾರೆ. ಕಾಶಿಯವರನ್ನು ಉದ್ಧರಿಸಿ ಬಂದೆವೆಂದು ಯಾರೂ ಹೇಳುವುದಿಲ್ಲ.

ನಮ್ಮ ಜಗಳ ಯಾವ ಮತದೊಡನೆಯೂ ಅಲ್ಲ. ಪರದೇಶದ ತರುಣ ಪಾದ್ರಿಗಳನ್ನು ಕನ್ನಡ ನಾಡೂ ಕಂಡಿದೆ. ಬಾಸೆಲ್ ಮಿಷನ್ನಿನ ಮೋಗ್ಲಿಂಗ್ ೧೮೪೩ರಲ್ಲಿ 'ಮಂಗಳೂರ ಸಮಾಚಾರ' ಪತ್ರಿಕೆ ಹೊರಡಿಸಿದ. ೧೮೫೩ರಲ್ಲಿ, ಇಪ್ಪತ್ತೊಂದರ ವಯಸ್ಸಿನಲ್ಲಿ, ಬಂದ ಕಿಟ್ಟೆಲ್ ಮೊದಲು ಕನ್ನಡ ಕಲಿತ. ಆತನ ನಿಘಂಟು ಅಚ್ಚಾದದ್ದು ೧೮೯೪ರಲ್ಲಿ. ಅವರು ಬಂದದ್ದು ಮತಪ್ರಚಾರಕ್ಕೆ, ಅದರ ಬಗ್ಗೆ ತಕರಾರು ಇದ್ದೀತು. ಆ ಮಿಷನ್ನಿನ ಹೆಂಚಿನ ಕಾರ್ಖಾನೆಯ ಕೂಲಿ ಶಿಸ್ತುಗಳ ಬಗ್ಗೆಯೂ ಇದ್ದೀತು. ಆದರೆ ನಲವತ್ತು ವರ್ಷ ಒಂದು ಭಾಷೆಗೆ ಬೆನ್ನು ಬಗ್ಗಿಸಿದವನು ಆ ಜನರಿಗೆ ಬೆಲೆ ಕೊಟ್ಟಿದ್ದಾನೆ. ಹತ್ತು ದಿನದಲ್ಲಿ ನಮಸ್ಕಾರ ಹೇಳಲೂ ಕಲಿಯದವನನ್ನು ಅವನ ಸಾಲಿನಲ್ಲಿ ಕೂರಿಸಲಾಗದು.

ಈ ಹುಡುಗರನ್ನು ಬೈದು ಪ್ರಯೋಜನವಿಲ್ಲ. ಕಳಿಸುವ ಹಿರಿಯರು ಉತ್ತರ ಕೊಡಬೇಕು. ಮನೆ ಬೇಕಾಗಿದ್ದರೆ ಹಣ ಕಳಿಸಲಿ, ಆ ಊರಿನ ಗಾರೆಯವನಿಗೆ ಕೂಲಿ ಸಿಗಲಿ. ರೋಗಿಗೆ ಆ ದೇಶದ ವೈದ್ಯನಿದ್ದಾನೆ, ಅವನ ಆಸ್ಪತ್ರೆಗೆ ಔಷಧ ಕೊಡಲಿ. ಹುಡುಗನಿಗೆ ಲೋಕ ತೋರಿಸಬೇಕೆಂದಿದ್ದರೆ ಪ್ರವಾಸವೆಂದೇ ಹೇಳಿ ತಮ್ಮ ದುಡ್ಡಿನಲ್ಲಿ ಕಳಿಸಲಿ. ಸೇವೆ ಮಾಡಲೇಬೇಕೆಂಬ ಹಟವಿದ್ದರೆ, ಬಾಳೆಯ ತೋಟದಲ್ಲಿ ದುಡಿಯುವವನಿಗೆ ನ್ಯಾಯವಾದ ಬೆಲೆ ಕೊಡಿರೆಂದು ತಮ್ಮ ದೇಶದ ಕಂಪನಿಯ ಬಾಗಿಲಿನಲ್ಲಿಯೇ ಧರಣಿ ಕೂರಲಿ.

ಕೂಲಿ ಕಡಿದ ಧಣಿ ಛತ್ರ ಕಟ್ಟಿಸಿ ಹೆಸರು ಕೆತ್ತಿಸುವ ವಿದ್ಯೆಯನ್ನು ನಮ್ಮ ಗಿರಣಿ ಕಾರ್ಮಿಕರು ಬಲ್ಲರು. ಛತ್ರದ ಊಟಕ್ಕಿಂತ ಹಕ್ಕಿನ ಕೂಲಿ ದೊಡ್ಡದೆಂದು ಕಂಡುಕೊಂಡದ್ದರಿಂದಲೇ ಅವರು ಸಂಘ ಕಟ್ಟಿದರು. ಹೊಂಡುರಾಸಿನ ಗಾರೆಯವನೂ ಉಗಾಂಡದ ತಾಯಿಯೂ ಕೇಳುತ್ತಿರುವುದು ಅದನ್ನೇ. ಅವರಿಗೆ ಬೇಕಾದುದು ಕೂಲಿ, ಆಸ್ಪತ್ರೆ, ತಮ್ಮ ಬೆಳೆಗೆ ಬೆಲೆ. ಇವು ಮೂರೂ ದೊರೆತ ದಿನ ಅವರ ಗೋಡೆಯನ್ನು ಅವರೇ ಕಟ್ಟಿಕೊಳ್ಳುತ್ತಾರೆ.