ಸದ್ದು ಅಡಗಬೇಕು, ಉಸಿರು ಕಟ್ಟಬಾರದು

ಈ ವಾರದ ಪಾಠವನ್ನು ನನ್ನದೇ ಒಂದು ತಪ್ಪಿನಿಂದ ಶುರುಮಾಡುತ್ತೇನೆ.

ನಮ್ಮ ಬೀದಿಯಲ್ಲಿ ದ್ವಿತೀಯ ಪಿಯುಸಿ ಓದುವ ಹುಡುಗನೊಬ್ಬನಿದ್ದಾನೆ. ಅವನ ತಂದೆ ಬೆಂಗಳೂರಿನ ಎಸ್.ಪಿ. ರಸ್ತೆಗೆ ಹೋಗಿ, ಯಾವುದೋ ಕಚೇರಿಯಲ್ಲಿ ದುಡಿದು ನಿವೃತ್ತಿಯಾದ ಪುಟ್ಟ ಕಂಪ್ಯೂಟರೊಂದನ್ನು ಕೊಂಡು ತಂದರು. ಎರಡು ದಪ್ಪ ನಿಘಂಟುಗಳನ್ನು ಒಂದರ ಮೇಲೊಂದು ಮಲಗಿಸಿದಷ್ಟು ದೊಡ್ಡ ತಗಡಿನ ಪೆಟ್ಟಿಗೆ. ಕೆಲಸದಲ್ಲಿ ಕುಂದಿಲ್ಲ. ಆದರೆ ಗುಂಡಿ ಒತ್ತಿದೊಡನೆ ಗುಂಯ್ ಎಂದು ಹೊರಡುವ ಸದ್ದು ನಿಲ್ಲುವುದೇ ಇಲ್ಲ. ಮನೆಯೋ ಎರಡು ಕೋಣೆಯದು. ತಾಯಿ ಗಾರ್ಮೆಂಟ್ಸ್ ಕೆಲಸಕ್ಕೆ ಬೆಳಗಿನ ಆರು ಗಂಟೆಯ ಬಸ್ಸು ಹಿಡಿಯುವವರು. ರಾತ್ರಿ ಒಂಬತ್ತೂವರೆಗೆ ಮಲಗಲೇಬೇಕು. ಹುಡುಗನಿಗೆ ಕೂತು ಓದಲು ಬಿಡುವು ಸಿಗುವುದೂ ಅದೇ ಹೊತ್ತಿಗೆ.

“ಮೇಷ್ಟ್ರೇ, ಇದನ್ನು ಮಾರಿಬಿಡುವುದೇ ವಾಸಿ” ಎಂದರು ತಂದೆ. “ಬೇಡ ಸಾರ್, ಏನಾದರೂ ದಾರಿ ಹೇಳಿ” ಎಂದ ಹುಡುಗ. ಶಬ್ದದ ಪಾಠವನ್ನು ವರ್ಷಗಟ್ಟಲೆ ಮಾಡಿದ ಧೈರ್ಯ ನನಗೆ. ಪೆಟ್ಟಿಗೆಯನ್ನು ತೆರೆದೂ ನೋಡದೆ, “ಒಳಗೆಲ್ಲ ಸ್ಪಂಜು ಅಂಟಿಸಪ್ಪ, ಸದ್ದನ್ನು ಹೀರಿಕೊಳ್ಳುತ್ತದೆ” ಎಂದುಬಿಟ್ಟೆ.

ಅವನು ನಾನು ಹೇಳಿದ್ದಕ್ಕಿಂತ ಹೆಚ್ಚೇ ಮಾಡಿದ. ಗಾಳಿಯ ಕಿಂಡಿಗಳನ್ನೂ ಸ್ಪಂಜಿನಿಂದ ಮುಚ್ಚಿದ. ಮೊದಲ ಹತ್ತು ನಿಮಿಷ ಸದ್ದು ತಗ್ಗಿತು. ಆಮೇಲೆ ಮೊದಲಿಗಿಂತ ಜೋರಾಯಿತು. ಮೂರನೆಯ ರಾತ್ರಿ ಪ್ರಾಜೆಕ್ಟ್ ವರದಿ ಟೈಪು ಮಾಡುತ್ತಿದ್ದಾಗ ಯಂತ್ರ ತಾನಾಗಿಯೇ ಆರಿಹೋಯಿತು. ಸೇವ್ ಮಾಡದಿದ್ದ ನಾಲ್ಕು ಪುಟಗಳು ಹೋದವು. ಬೆಳಗ್ಗೆ ನಮ್ಮ ಮನೆ ಬಾಗಿಲಲ್ಲಿ ನಿಂತವನು ಒಂದು ಮಾತೂ ಆಡಲಿಲ್ಲ. ನನಗೆ ನಾಚಿಕೆಯಾಯಿತು. ಶಬ್ದದ ಅಧ್ಯಾಯ ನೆನಪಿತ್ತು, ಉಷ್ಣದ ಅಧ್ಯಾಯವನ್ನು ಮರೆತಿದ್ದೆ.

ಕಂಪ್ಯೂಟರ್ ಬಳಸುವ ವಿದ್ಯುತ್ತು ಹೆಚ್ಚುಕಡಿಮೆ ಎಲ್ಲವೂ ಕೊನೆಗೆ ಶಾಖವಾಗುತ್ತದೆ. ಪೆಟ್ಟಿಗೆಯೊಳಗೆ 60 ವ್ಯಾಟ್ ಖರ್ಚಾಗುತ್ತಿದೆ ಎನ್ನೋಣ. ಅಂದರೆ ಹಳೆಯ ಕಾಲದ 60 ವ್ಯಾಟ್ ಬಲ್ಬೊಂದನ್ನು ತಗಡಿನ ಡಬ್ಬಿಯಲ್ಲಿ ಉರಿಸಿಟ್ಟಂತೆ. ಈ ಶಾಖವನ್ನು ಗಾಳಿ ಹೊತ್ತೊಯ್ಯಬೇಕು. ಒಂದು ಲೀಟರ್ ಗಾಳಿಯ ತೂಕ ಸುಮಾರು 1.2 ಗ್ರಾಂ. ಅದು ಒಂದು ಡಿಗ್ರಿ ಬಿಸಿಯಾಗಲು ಸುಮಾರು 1.2 ಜೂಲ್ ಬೇಕು, 10 ಡಿಗ್ರಿ ಬಿಸಿಯಾಗಲು 12 ಜೂಲ್. 60 ವ್ಯಾಟ್ ಎಂದರೆ ಸೆಕೆಂಡಿಗೆ 60 ಜೂಲ್. ಭಾಗಿಸಿ ನೋಡಿ, ಸೆಕೆಂಡಿಗೆ 5 ಲೀಟರ್ ಗಾಳಿ ಒಳಬಂದು ಹೊರಹೋಗಬೇಕು. ಇದು ಆ ಪೆಟ್ಟಿಗೆಯ ಉಸಿರಾಟ.

ಉಸಿರು ಕಟ್ಟಿದರೆ ಏನಾಗುತ್ತದೆ? ಪ್ರೊಸೆಸರ್ ಕಾಯುತ್ತದೆ. ಅದನ್ನು ಅರಿತ ಯಂತ್ರ ಫ್ಯಾನಿನ ವೇಗವನ್ನು ಏರಿಸುತ್ತದೆ, ಸದ್ದು ಹೆಚ್ಚುತ್ತದೆ. ಆಗಲೂ ಸಾಲದೆ 100 ಡಿಗ್ರಿ ಸೆಲ್ಸಿಯಸ್ ಆಸುಪಾಸಿಗೆ ಬಂದರೆ ಪ್ರೊಸೆಸರ್ ಮೊದಲು ತನ್ನ ಕೆಲಸ ನಿಧಾನಿಸುತ್ತದೆ, ಕೊನೆಗೆ ಪ್ರಾಣ ಉಳಿಸಿಕೊಳ್ಳಲು ಆರಿಹೋಗುತ್ತದೆ. ನಮ್ಮ ಸ್ಪಂಜು ಮಾಡಿದ್ದು ಇದನ್ನೇ. ಸದ್ದಿನ ಬಾಯಿ ಮುಚ್ಚಿದರೆ ಸಾಲದು, ಕಾರಣ ಹುಡುಕಬೇಕು.

ಭಾನುವಾರ ಇಬ್ಬರೂ ಕೂತೆವು. ಸ್ಪಂಜನ್ನೆಲ್ಲ ಕಿತ್ತೆಸೆದು, ಸದ್ದು ಎಲ್ಲಿಂದ ಬರುತ್ತಿದೆಯೆಂದು ಪತ್ತೆಮಾಡಲು ಹಳೆಯ ಕ್ಯಾಲೆಂಡರಿನ ಹಾಳೆಯನ್ನು ಕೊಳವೆಯಂತೆ ಸುತ್ತಿ ಕಿವಿಗಿಟ್ಟುಕೊಂಡೆವು. 1816ರಲ್ಲಿ ಫ್ರಾನ್ಸಿನ ವೈದ್ಯ ಲೇನೆಕ್ ರೋಗಿಯ ಎದೆಬಡಿತ ಕೇಳಲು ಮಾಡಿದ್ದೂ ಇದನ್ನೇ. ಸ್ಟೆತೊಸ್ಕೋಪ್ ಹುಟ್ಟಿದ್ದು ಹಾಗೆ. ನಮ್ಮ ಕೊಳವೆ ಎರಡು ಕಡೆ ಬೆರಳು ತೋರಿಸಿತು: ಹಾರ್ಡ್ ಡಿಸ್ಕ್ ಮತ್ತು ಫ್ಯಾನು.

ಹಾರ್ಡ್ ಡಿಸ್ಕಿನೊಳಗೆ ತಟ್ಟೆಗಳು ನಿಮಿಷಕ್ಕೆ 7200 ಸುತ್ತು, ಅಂದರೆ ಸೆಕೆಂಡಿಗೆ 120 ಸುತ್ತು ತಿರುಗುತ್ತಿದ್ದವು. ಆ ಸಣ್ಣ ನಡುಕ ತಿರುಪುಗಳ ಮೂಲಕ ತಗಡಿಗೆ ದಾಟಿ, ಇಡೀ ಪೆಟ್ಟಿಗೆಯೇ ಗುಂಯ್‌ಗುಡುತ್ತಿತ್ತು. ಶ್ರುತಿಕವೆಯ ಕಾಲನ್ನು ಮೇಜಿಗೆ ಊರಿದರೆ ದನಿ ದೊಡ್ಡದಾಗುತ್ತದಲ್ಲ, ತಂಬೂರಿಗೆ ಬುರುಡೆ ಇರುವುದೂ ಇದಕ್ಕೇ ಅಲ್ಲವೇ? ನೀವೇ ಪರೀಕ್ಷಿಸಿ. ಮೊಬೈಲನ್ನು ವೈಬ್ರೇಷನ್‌ಗೆ ಹಾಕಿ ಸ್ಟೀಲ್ ತಟ್ಟೆಯ ಮೇಲಿಟ್ಟು ಕರೆ ಮಾಡಿಸಿ. ಆಮೇಲೆ ತಟ್ಟೆಗೂ ಮೊಬೈಲಿಗೂ ನಡುವೆ ಮಡಿಸಿದ ಟವೆಲ್ ಇಟ್ಟು ನೋಡಿ. ಮೊಬೈಲು ಅದೇ, ತಟ್ಟೆ ಅದೇ, ಸದ್ದು ಮಾತ್ರ ಬೇರೆ. ನಾವು ಸೈಕಲ್ ಟ್ಯೂಬಿನಿಂದ ವಾಷರುಗಳನ್ನು ಕತ್ತರಿಸಿ, ತಿರುಪು ಕೂರುವಲ್ಲೆಲ್ಲ ಡಿಸ್ಕಿಗೂ ತಗಡಿಗೂ ನಡುವೆ ಇಟ್ಟೆವು. ಖರ್ಚು ಸೊನ್ನೆ. ಡಿಸ್ಕಿನ ಬದಲು ಎಸ್‌ಎಸ್‌ಡಿ ಹಾಕಿದರೆ ಈ ತಾಪತ್ರಯವೇ ಇಲ್ಲ. ಅದರಲ್ಲಿ ತಿರುಗುವ ಭಾಗವಿಲ್ಲ. ಹಣ ಕೂಡಿದಾಗ ಹಾಕಿಸೋಣವೆಂದುಕೊಂಡೆವು.

ಇನ್ನು ಫ್ಯಾನು. ಮೊದಲು ರೆಕ್ಕೆಯನ್ನು ಬೆರಳಿನಿಂದ ಹಿಡಿದುಕೊಂಡು, ಒಣ ಬ್ರಷ್ಷಿನಿಂದ ವರ್ಷಗಳ ಧೂಳು ತೆಗೆದೆವು. ಪೆಟ್ಟಿಗೆಯಲ್ಲಿದ್ದದ್ದು 80 ಮಿ.ಮೀ. ಅಗಲದ ಫ್ಯಾನು, ನಿಮಿಷಕ್ಕೆ 2400 ಸುತ್ತು. ಚಾವಣಿಯ ಫ್ಯಾನು ನಿಧಾನವಾಗಿ ತಿರುಗಿಯೂ ಕೋಣೆಗೆಲ್ಲ ಗಾಳಿ ಕೊಡುವುದನ್ನು ನೋಡಿದ್ದೀರಿ. ಒಂದೇ ಆಕಾರದ ಫ್ಯಾನುಗಳಲ್ಲಿ ಗಾಳಿಯ ಪ್ರಮಾಣ ಅಗಲದ ಘನದಂತೆ ಏರುತ್ತದೆ. 120 ಮಿ.ಮೀ. ಫ್ಯಾನು ಒಂದೂವರೆ ಪಟ್ಟು ಅಗಲ. ಒಂದೂವರೆಯ ಘನ 3.375. ಅಂದರೆ 700 ಸುತ್ತಿನಲ್ಲೇ ಅದು ಅಷ್ಟು ಗಾಳಿ ಸಾಗಿಸೀತು. ಇಕ್ಕಟ್ಟಿನ ಪೆಟ್ಟಿಗೆಯಲ್ಲಿ ಗಾಳಿಗೆ ತಡೆ ಹೆಚ್ಚಾದ್ದರಿಂದ ನಾವು 900 ಇಟ್ಟುಕೊಂಡೆವು. ವೇಗಕ್ಕೂ ಸದ್ದಿಗೂ ಇರುವ ನಂಟನ್ನೂ ತಿಳಿದುಕೊಳ್ಳಿ. ಒಂದೇ ಫ್ಯಾನಿನ ವೇಗವನ್ನು ಅರ್ಧಕ್ಕಿಳಿಸಿದರೆ ಸದ್ದು ಸುಮಾರು 15 ಡೆಸಿಬೆಲ್ ಇಳಿಯುತ್ತದೆ. 10 ಡೆಸಿಬೆಲ್ ಇಳಿದರೇ ನಮ್ಮ ಕಿವಿಗೆ ಸದ್ದು ಅರ್ಧವಾದಂತೆ ತೋರುತ್ತದೆ.

ಮೇಲಿನ ಮುಚ್ಚಳವನ್ನು ಬಿಚ್ಚಿ ಬೇರೆ ಕಡೆ ಒಯ್ದು ದುಂಡಗೆ ಕತ್ತರಿಸಿ, ಅಂಚನ್ನು ಅರದಿಂದ ಉಜ್ಜಿ, ಹೊಸ ಫ್ಯಾನನ್ನು ಹೊರಕ್ಕೆ ಊದುವಂತೆ ಕೂರಿಸಿದೆವು. ಯಂತ್ರದ ಮೇಲೆಯೇ ತಗಡು ಕೊಯ್ದರೆ ಲೋಹದ ಪುಡಿ ಒಳಗೆ ಬಿದ್ದು ಶಾರ್ಟ್ ಆದೀತು. ಫ್ಯಾನಿನ ಮೇಲೆ ತೂತು ತೂತಿನ ತಗಡು ಬಿಡಲಿಲ್ಲ. ಗಾಳಿ ಅದಕ್ಕೆ ತಾಗಿ ಸುಯ್ ಎನ್ನುತ್ತದೆ. ಬೆರಳು ತಾಗದಂತೆ ತಂತಿಯ ಜಾಲರಿ ಸಾಕು. ಹಳೆಯ ಫ್ಯಾನನ್ನು ಕೀಳಲಿಲ್ಲ. ಒಳಗೆ ತಂಪಾದ ಮೇಲೆ ಅದು ತಾನೇ ನಿಧಾನವಾಯಿತು.

ಕೊನೆಗೆ ಅಂದ. ಹುಡುಗನಿಗೆ ಪೆಟ್ಟಿಗೆ ಚೆಂದ ಕಾಣಬೇಕೆಂಬ ಆಸೆ. ಬೀದಿ ಕೊನೆಯ ಬಡಗಿ ಕೊಟ್ಟ ಸಾಗುವಾನಿ ಪಟ್ಟಿಗಳನ್ನು ಉಪ್ಪುಕಾಗದದಿಂದ ಉಜ್ಜಿ, ನಡುವೆ ಬೆರಳಗಲ ಸಂದು ಬಿಟ್ಟು, ಹಳೆಯ ಮನೆಗಳ ಜಾಲಂಧ್ರದಂತೆ ಮುಂಭಾಗಕ್ಕೆ ಜೋಡಿಸಿದ. ಹಿಂದೆ ಸೊಳ್ಳೆಪರದೆಯ ತುಂಡು, ಧೂಳು ತಡೆಯಲು. ತಣ್ಣನೆಯ ಗಾಳಿ ಮುಂದಿನಿಂದ ಬಂದು, ಬಿಸಿ ಗಾಳಿ ಮೇಲಿನಿಂದ ಹೋಗುತ್ತದೆ. ಅಡುಗೆಮನೆಯ ಬೆಳಕಿಂಡಿಯ ನ್ಯಾಯ. 2000ನೇ ಇಸವಿಯಲ್ಲಿ ಆಪಲ್ ಕಂಪನಿ ಹೊರತಂದ ಜಿ4 ಕ್ಯೂಬ್ ಇದೇ ನ್ಯಾಯವನ್ನು ನಂಬಿತ್ತು. ಪಾರದರ್ಶಕ ಕವಚದೊಳಗಿನ ಎಂಟಿಂಚಿನ ಘನಾಕೃತಿ. ಫ್ಯಾನಿಲ್ಲ, ಗಾಳಿ ಕೆಳಗಿನಿಂದ ಬಂದು ತಾನಾಗಿ ಮೇಲೇರುತ್ತಿತ್ತು. ಮೆಚ್ಚಿದವರು ಬಹಳ, ದುಬಾರಿಯಾದ್ದರಿಂದ ಕೊಂಡವರು ಕಡಿಮೆ. 2001ರ ಜುಲೈನಲ್ಲಿ ತಯಾರಿಕೆ ನಿಲ್ಲಿಸಿದರು. ಆದರೆ ಅಂದ ಮತ್ತು ಗಾಳಿಯ ದಾರಿಯನ್ನು ಒಟ್ಟಿಗೇ ಯೋಚಿಸಬೇಕೆಂಬ ಪಾಠ ಉಳಿಯಿತು.

ಪೋಷಕರಿಗೆ ಎರಡು ಮಾತು. ಪ್ಲಗ್ಗನ್ನು ಗೋಡೆಯಿಂದ ಕಿತ್ತ ಮೇಲೆಯೇ ಪೆಟ್ಟಿಗೆ ತೆರೆಯಲಿ, ದೊಡ್ಡವರೊಬ್ಬರು ಜೊತೆಗಿರಲಿ. ಪವರ್ ಸಪ್ಲೈ ಡಬ್ಬಿಯನ್ನು ಮಾತ್ರ ಯಾರೂ ಬಿಚ್ಚಬಾರದು. ಪ್ಲಗ್ ಕಿತ್ತ ಮೇಲೂ ಅದರ ಕೆಪಾಸಿಟರುಗಳಲ್ಲಿ ಅಪಾಯಕಾರಿ ವಿದ್ಯುತ್ತು ಉಳಿದಿರುತ್ತದೆ. ಮರದ ಅಲಂಕಾರ ಎಷ್ಟಿದ್ದರೂ ಒಳಗಿನ ಲೋಹದ ಪೆಟ್ಟಿಗೆಗೆ ಮೂರು ಪಿನ್ನಿನ ಪ್ಲಗ್ಗಿನಿಂದ ಅರ್ಥಿಂಗ್ ಇರಲೇಬೇಕು. ಇಷ್ಟು ಎಚ್ಚರವಿದ್ದರೆ ಮಕ್ಕಳ ಕೈಯಿಂದ ತಿರುಪುಳಿ ಕಿತ್ತುಕೊಳ್ಳಬೇಡಿ.

ಆ ರಾತ್ರಿ ಯಂತ್ರ ಹಾಕಿದಾಗ ಅವರ ಮನೆಯ ಗೋಡೆ ಗಡಿಯಾರದ ಟಿಕ್ ಟಿಕ್ ಕೇಳಿಸಿತು. ತಾಯಿ ಒಳಗಿನಿಂದ, “ಏನೋ, ಮತ್ತೆ ಕೆಟ್ಟಿತೇನೋ?” ಎಂದರು. ಹುಡುಗ ಹೋದ ನಾಲ್ಕು ಪುಟಗಳನ್ನು ಮತ್ತೆ ಟೈಪು ಮಾಡುತ್ತಿದ್ದ. ಈ ಸಲ ಪ್ರತಿ ಪ್ಯಾರಾಕ್ಕೂ ಸೇವ್ ಒತ್ತುತ್ತಿದ್ದ.

ಈ ವಾರದ ಲೆಕ್ಕ: ಅದೇ 60 ವ್ಯಾಟಿನ ಪೆಟ್ಟಿಗೆಯಲ್ಲಿ ಗಾಳಿ 10ರ ಬದಲು 5 ಡಿಗ್ರಿ ಮಾತ್ರ ಬಿಸಿಯೇರಬೇಕಾದರೆ ಸೆಕೆಂಡಿಗೆ ಎಷ್ಟು ಲೀಟರ್ ಗಾಳಿ ಬೇಕು? ಮಾಡಿ, ನಿಮ್ಮ ಮೇಷ್ಟ್ರಿಗೆ ತೋರಿಸಿ.