ಉಣ್ಣೆಯ ಹೆಸರೂ ವಿದ್ಯೆಯೇ

ದನದ ಮೈಯಿಂದ ಉಣ್ಣೆಯನ್ನು ಕಿತ್ತು ಬಿಸುಡುವುದು ಬೇಗೂರು ಸೀಮೆಯ ರೈತಮಕ್ಕಳಿಗೆ ಪರಿಚಿತವಾದ ಕೆಲಸ. ಆ ಉಣ್ಣೆಗಳಲ್ಲಿಯೂ ನಾನಾ ಪ್ರಭೇದಗಳಿವೆ, ಅವನ್ನು ಬೇರ್ಪಡಿಸಿ ವರ್ಣಿಸುವುದೂ ಒಂದು ಶಾಸ್ತ್ರವೆಂದರೆ, ಇಂಥ ಕ್ಷುದ್ರ ಜೀವಿಯ ನಾಮಕರಣದಿಂದ ಲೋಕಕ್ಕೇನು ಪ್ರಯೋಜನವೆಂದು ಕೇಳುವವರುಂಟು. ಈ ಪ್ರಶ್ನೆಗೆ ಕರ್ನಾಟಕದ ಕಾಡೇ ಉತ್ತರವಿತ್ತಿದೆ.

1897ರಲ್ಲಿ ಫ್ರಾನ್ಸಿನ ಪಶುವೈದ್ಯ ವಿಜ್ಞಾನಿ ನ್ಯೂಮಾನ್ ಒಂದು ಉಣ್ಣೆಯನ್ನು ವರ್ಣಿಸಿ ‘ಹೀಮಫೈಸಾಲಿಸ್ ಸ್ಪಿನಿಜೆರಾ’ ಎಂದು ಹೆಸರಿಟ್ಟರು. ಮುಳ್ಳನ್ನು ಧರಿಸಿದ್ದು ಎಂಬುದು ಆ ಹೆಸರಿನ ಅರ್ಥ. ಆರು ದಶಕಗಳ ಕಾಲ ಅದು ತಜ್ಞರ ಪಟ್ಟಿಯಲ್ಲಿನ ಒಂದು ಹೆಸರು ಮಾತ್ರವಾಗಿತ್ತು. 1957ರಲ್ಲಿ ಶಿವಮೊಗ್ಗ ಜಿಲ್ಲೆ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು, ಸುತ್ತಲಿನ ಹಳ್ಳಿಗರು ಜ್ವರಕ್ಕೆ ಬಲಿಯಾದರು. ಪುಣೆಯ ವೈರಸ್ ಸಂಶೋಧನಾ ಕೇಂದ್ರದ ವಿಜ್ಞಾನಿಗಳು ಆ ಕಾಡಿನ ಉಣ್ಣೆಗಳನ್ನು ವಿಂಗಡಿಸಿ ಪರೀಕ್ಷಿಸಲಾಗಿ, ಅಲಕ್ಷಿತವಾಗಿದ್ದ ಆ ಮುಳ್ಳಿನ ಉಣ್ಣೆಯೇ ‘ಮಂಗನ ಕಾಯಿಲೆ’ಯ ಮುಖ್ಯ ವಾಹಕವೆಂದು ಸಿದ್ಧವಾಯಿತು. 1964ರಲ್ಲಿ ಟ್ರಾಪಿಡೊ, ಹೂಗ್‌ಸ್ಟ್ರಾಲ್ ಮತ್ತು ರಾಜಗೋಪಾಲನ್ ಇನ್ನೊಂದು ಹೊಸ ಪ್ರಭೇದವನ್ನು ವರ್ಣಿಸಿ, ಅದಕ್ಕೆ ‘ಕ್ಯಾಸನೂರೆನ್ಸಿಸ್’ ಎಂದು ಆ ಊರಿನ ಹೆಸರನ್ನೇ ಇಟ್ಟರು.

ವೈದ್ಯನಿಗೆ ರೋಗಾಣುವಿನ ಜ್ಞಾನ ಸಾಲದೇ ಎಂಬ ಆಕ್ಷೇಪವುಂಟು. ಸಾಲದು. ವಾಹಕ ಯಾವುದೆಂದು ತಿಳಿದ ಮೇಲೆಯೇ ಅದರ ಬಾಳಿನ ಕ್ರಮವನ್ನು ಅರಿಯಲು ಸಾಧ್ಯ. ಆರು ಕಾಲಿನ ಮರಿ, ಎಂಟು ಕಾಲಿನ ಎಳೆಯುಣ್ಣೆ, ಬಲಿತ ಉಣ್ಣೆ—ಈ ಮೂರು ಅವಸ್ಥೆಗಳಲ್ಲಿಯೂ ಅದು ಬೇರೆ ಬೇರೆ ಪ್ರಾಣಿಗಳ ರಕ್ತವನ್ನು ಹೀರುತ್ತದೆ. ಮನುಷ್ಯನಿಗೆ ಹೆಚ್ಚಾಗಿ ರೋಗ ತರುವುದು ಎಳೆಯುಣ್ಣೆ. ಬಲಿತದ್ದು ದನಗಳನ್ನು ಆಶ್ರಯಿಸುವುದರಿಂದ, ಕಾಡಿನಲ್ಲಿ ದನ ಮೇಯಿಸಿದಷ್ಟೂ ಉಣ್ಣೆಯ ಸಂತತಿ ಬೆಳೆಯುತ್ತದೆ. ಈ ತಿಳಿವಳಿಕೆಗೆ ಮೊದಲ ಮೆಟ್ಟಿಲು ಹೆಸರಿನ ಜ್ಞಾನ.

ಇದು ಮಲೆನಾಡಿನ ವಿಷಯವೆಂದು ಬೇಗೂರು ಉದಾಸೀನವಾಗಿರುವಂತಿಲ್ಲ. 2012ರ ನವೆಂಬರಿನಲ್ಲಿ ಸಮೀಪದ ಬಂಡೀಪುರದಲ್ಲಿಯೇ ಮಂಗಗಳು ಸತ್ತವು. ಅವುಗಳ ಕಳೇಬರಗಳನ್ನು ವಿಲೇವಾರಿ ಮಾಡಿದವರಲ್ಲಿಯೂ ಈ ರೋಗ ಕಾಣಿಸಿಕೊಂಡಿತು.

ಹಾಗೆಂದು ವಿದ್ಯಾರ್ಥಿಗಳು ಕಾಡಿಗೆ ಹೋಗಿ ಉಣ್ಣೆ ಹಿಡಿಯಬೇಕೆಂದಲ್ಲ. ಪಶುವೈದ್ಯರು ಸಂರಕ್ಷಿಸಿಕೊಟ್ಟ ಮಾದರಿಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ, ಚಿತ್ರ ಬರೆದು, ಒಂದರಿಂದ ಇನ್ನೊಂದನ್ನು ಬೇರ್ಪಡಿಸುವುದನ್ನು ಕಲಿತರೆ ಸಾಕು. ಸತ್ತ ಮಂಗವನ್ನು ಕಂಡರೆ ಮುಟ್ಟದೆ ಅರಣ್ಯ ಇಲಾಖೆಗೂ ಆರೋಗ್ಯ ಇಲಾಖೆಗೂ ತಿಳಿಸಬೇಕೆಂಬುದು ಕಾಡಂಚಿನ ಪ್ರತಿಯೊಂದು ಮಗುವಿಗೂ ಗೊತ್ತಿರಬೇಕು. ಶಾಲೆಗೆ ಕೊಠಡಿಯನ್ನು ಕಟ್ಟಿಸಿಕೊಡುವ ದಾನಿಗಳ ಔದಾರ್ಯ ದೊಡ್ಡದು. ಆ ಕೊಠಡಿಯೊಳಗೆ ಒಂದು ಒಳ್ಳೆಯ ಸೂಕ್ಷ್ಮದರ್ಶಕವನ್ನು ಇರಿಸುವುದೂ ಅಷ್ಟೇ ದೊಡ್ಡ ದಾನ. ಅಲ್ಪವೆಂದು ತೋರುವುದನ್ನು ಗಮನವಿಟ್ಟು ನೋಡುವ ಅಭ್ಯಾಸ ಮುಂದೊಂದು ದಿನ ಒಂದು ಊರಿನ ಪ್ರಾಣವನ್ನೇ ಕಾಯಬಹುದು.