ಸೀಳದ ಚಿತ್ರ ಕೇಳದೆಯೇ ಸಿಗಲಿ
ಹಾರೋಹಳ್ಳಿ ಕೈಗಾರಿಕಾ ಪ್ರದೇಶದ ಒಂದು ಕಾರ್ಖಾನೆಯಲ್ಲಿ ಲಿನಕ್ಸ್ ಕಂಪ್ಯೂಟರಿನ ಮೇಲೆ ಸಿಸಿಟಿವಿ ಓಡುತ್ತಿದೆ ಎನ್ನಿ. ಗೇಟು ದಾಟುವ ಲಾರಿಯ ಕೆಳಗಿನರ್ಧ ಮುಂದೆ ಹೋಗಿರುತ್ತದೆ, ಮೇಲಿನರ್ಧ ಹಿಂದೆಯೇ ಉಳಿದಿರುತ್ತದೆ. ಕೇಬಲ್ ಬದಲಿಸಿ, ಮಾನಿಟರ್ ಬದಲಿಸಿ, ಸೀಳು ಹೋಗುವುದಿಲ್ಲ. 60 ಹರ್ಟ್ಸ್ ಪರದೆ ಮೇಲಿನಿಂದ ಕೆಳಕ್ಕೆ ಒಂದು ಚಿತ್ರ ಬಿಡಿಸಲು ಸುಮಾರು 16.7 ಮಿಲಿಸೆಕೆಂಡ್ ಬೇಕು. ನಡುವೆಯೇ ಹೊಸ ಚಿತ್ರ ನುಗ್ಗಿದರೆ ಹೀಗಾಗುತ್ತದೆ.

ಮದ್ದು ಗ್ರಾಫಿಕ್ಸ್ ಡ್ರೈವರ್‌ನಲ್ಲೇ ಇದೆ: ಸೀಳು ತಡೆಯುವ ‘ಟಿಯರ್‌ಫ್ರೀ’ ಆಯ್ಕೆ. ಆದರೆ ಲಿನಕ್ಸ್‌ನಲ್ಲಿ ಪರದೆಗೆ ಚಿತ್ರ ಒದಗಿಸುವ ಹಳೆಯ ಎಕ್ಸ್ ವ್ಯವಸ್ಥೆಯ ಎಎಂಡಿ ಡ್ರೈವರ್ ಅದನ್ನು ‘ಆಟೋ’ದಲ್ಲಿಟ್ಟಿದೆ. ತಿರುಗಿಸಿಟ್ಟ ಪರದೆಗೆ ಆನ್, ನೆಟ್ಟಗೆ ನಿಂತದ್ದಕ್ಕೆ ಸಾಮಾನ್ಯವಾಗಿ ಆಫ್! ಎಂಥ ನ್ಯಾಯ?

ಮೆಮೊರಿ ಹೆಚ್ಚು ಬೇಕು, ಚಿತ್ರ ತುಸು ತಡವಾಗುತ್ತದೆ ಎಂಬುದು ಸಮಜಾಯಿಷಿ. 1920×1080ರ ಒಂದು ಚಿತ್ರಕ್ಕೆ ಹಿಡಿಯುವುದು ಸುಮಾರು 8 ಎಂಬಿ. ಚಿತ್ರ ಹಿಡಿದಿಡುವ ಇಂಥ ಎರಡು ಬಫರ್ ಸೇರಿದರೂ ಇಂದಿನ ಯಂತ್ರಕ್ಕೆ ಭಾರವಲ್ಲ. ತಡ ಕಾಡುವುದು ವೇಗದ ಆಟ ಆಡುವವರನ್ನು, ಗೇಟಿನ ಕಾವಲುಗಾರನನ್ನಲ್ಲ. ಎಕ್ಸ್‌ನ ಜಾಗಕ್ಕೆ ಬರುತ್ತಿರುವ ವೇಲ್ಯಾಂಡ್ ಈ ಲೆಕ್ಕವನ್ನು ಸರಿಪಡಿಸಿದೆ: ಅಲ್ಲಿ ಸೀಳದಿರುವುದೇ ನಿಯಮ, ಸೀಳಿದರೂ ಪರವಾಗಿಲ್ಲ ಎನ್ನುವ ಆಟ ಅದನ್ನು ಕೇಳಿ ಪಡೆಯಬೇಕು.

ಎಕ್ಸ್ ಇನ್ನೂ ಓಡುತ್ತಿರುವ ಕಡೆ, ಕಂಪ್ಯೂಟರ್ ಕೂರಿಸುವವರು ಸಂರಚನಾ ಕಡತದಲ್ಲಿ ಟಿಯರ್‌ಫ್ರೀ ಆನ್ ಮಾಡಿಯೇ ಕೀಲಿ ಒಪ್ಪಿಸಲಿ.